ದೆವ್ವದ ಹಬ್ಬದ ಚರುಪು

ಅಕ್ಟೋಬರ್ ಬಂತೆಂದರೆ ನಮ್ಮ ಗ್ರೋಸರಿ ಅಂಗಡಿಯ ಒಂದು ಸಾಲಿಡೀ ಕಿತ್ತಳೆ ಮತ್ತು ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಪ್ರತಿವರ್ಷ ಆ ಸಾಲಿನಲ್ಲಿ ನಾನು ಅರ್ಧ ಗಂಟೆಯಾದರೂ ನಿಲ್ಲುತ್ತೇನೆ. ದೆವ್ವದ ಹಬ್ಬದ ಸಂಜೆ ವೇಷ ಹಾಕಿಕೊಂಡು ಸಿಹಿ ಕೇಳಲು ನಲವತ್ತು ಮಕ್ಕಳು ಬಾಗಿಲಿಗೆ ಬಂದರೆ ಈ ಚೀಲ ಸಾಕಾಗುತ್ತದೆಯೇ? ನಾಲ್ಕೇ ಮಕ್ಕಳು ಬಂದರೆ ಉಳಿದದ್ದನ್ನು ನಾನೇ ತಿಂದು ಸಕ್ಕರೆ ಕಾಯಿಲೆ ತರಿಸಿಕೊಳ್ಳುತ್ತೇನೆಯೇ? ಇದರಲ್ಲಿ ಕಡಲೆಕಾಯಿ ಇದ್ದು ಯಾವುದಾದರೂ ಮಗುವಿನ ಮುಖ ಊದಿಕೊಂಡರೆ? ಹೋದ ವರ್ಷ ಜೊತೆಗೆ ಬಂದಿದ್ದ ಮಗ, "ಅಮ್ಮಾ, ಇಟ್ಸ್ ಜಸ್ಟ್ ಕ್ಯಾಂಡಿ," ಎಂದು ಹೇಳಿ ಗಾಡಿ ತಳ್ಳಿಕೊಂಡು ಮುಂದೆ ಹೋದ. ನಾನು ಆಗ ಕ್ಯಾಂಡಿ ಕಾರ್ನ್ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದೆ. ಜೋಳದ ಕಾಳಿನಂತೆ ಕಾಣುವ ಆ ಮೂರು ಬಣ್ಣದ ಮಿಠಾಯಿಯಲ್ಲಿ ಜೆಲಟಿನ್ ಇರುತ್ತದೆ, ಅದು ಮೂಳೆಯಿಂದ ಬರುತ್ತದೆ ಎಂದು ನನಗೆ ತಿಳಿದದ್ದು ವರ್ಷಗಟ್ಟಲೆ ಅದನ್ನು ತಿಂದಾದ ಮೇಲೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳೂ ತಿಂದಿದ್ದಾಳೆ.

ಎಂಬತ್ತರ ದಶಕದಲ್ಲಿ, ನಾವು ಮಕ್ಕಳು ಚೀಲದಂತೆ ಮನೆಮನೆಗೆ ಒಯ್ಯುತ್ತಿದ್ದ ದಿಂಬಿನ ಕವರಿನೊಳಗೆ ಬೀಳುತ್ತಿದ್ದ ಸರಕೇ ಬೇರೆ. ಮೇಣದ ಕಾಗದದಲ್ಲಿ ಎರಡೂ ತುದಿ ತಿರುಚಿ ಕಟ್ಟಿದ, ಹಲ್ಲಿಗೆ ಅಂಟಿದರೆ ಮರುದಿನದವರೆಗೂ ಬಿಡದ ಟಾಫಿ. ಕಾಗದದ ಕೊಳವೆಯಲ್ಲಿ ತುಂಬಿದ ಹುಳಿ ಸಕ್ಕರೆ. ತಲೆ ಹಿಂದಕ್ಕೆ ಮಾಡಿ ಬಾಯಿಗೆ ಸುರಿದುಕೊಂಡರೆ ಕೆಮ್ಮು ಗ್ಯಾರಂಟಿ. ತುದಿಗೆ ಕೆಂಪು ಹಚ್ಚಿದ ಸಕ್ಕರೆಯ ಸಿಗರೇಟು. ಅದನ್ನು ತುಟಿಗೆ ಸಿಕ್ಕಿಸಿಕೊಂಡು ಅಪ್ಪನ ಎದುರು ಓಡಾಡಿ ನಾನು ಒಮ್ಮೆ ಬೈಸಿಕೊಂಡಿದ್ದೇನೆ. ಇನ್ನೊಂದು ಇತ್ತು, ಪುಟ್ಟ ಪುಟ್ಟ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಸುತ್ತಿದ್ದು. ನಾಲಗೆಗೆ ಥೇಟು ಬಳಪ. ಮೈಸೂರಿನಲ್ಲಿ ಬಳಪ ತಿಂದು ಏಟು ತಿಂದಿದ್ದ ನನಗೆ ಅದನ್ನು ಬಾಗಿಲಿಗೆ ಕರೆದು ಕೊಡುವ ಊರು ಸಿಕ್ಕಿತ್ತು.

ಇವನ್ನೆಲ್ಲ ನೆನೆಸಿಕೊಂಡರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಆದರೆ ಒಂದು ವರ್ಷದ ಸಿಹಿ ಮಾತ್ರ ನನ್ನ ನೆನಪಿನಲ್ಲಿ ಇರುವುದು ಬರೀ ಭಾರವಾಗಿ. ಆ ವರ್ಷ ದಿಂಬಿನ ಕವರಿನ ತುಂಬ ಚಾಕೊಲೇಟು ಸುಮಾರು ಎರಡು ಗಂಟೆಯ ಕಾಲ ನನ್ನದಾಗಿತ್ತು. ಒಂದರ ರುಚಿಯನ್ನೂ ನಾನು ನೋಡಲಿಲ್ಲ.

ನಾವು ಮೈಸೂರಿನಿಂದ ಅಮೆರಿಕದ ಸ್ಯಾನ್ ರಮೋನಿಗೆ ಬಂದಾಗ ನನಗೆ ಎಂಟು ವರ್ಷ. ಅಪ್ಪನ ಆಫೀಸು ವಾಲ್ನಟ್ ಕ್ರೀಕಿನಲ್ಲಿ. ಬೆಳಗ್ಗೆ ಫ್ರೀವೇ ಹಿಡಿದರೆ ಮನೆಗೆ ಬರುವುದು ಸಂಜೆಯೇ. ನಮ್ಮ ಬೀದಿ ಕೊನೆಯಲ್ಲಿ ದುಂಡಗೆ ಮುಗಿಯುತ್ತಿತ್ತು, ಅಲ್ಲಿಂದ ಮುಂದೆ ಒಣಹುಲ್ಲಿನ ಹಳದಿ ಗುಡ್ಡ. ಅಮ್ಮ ಇಡೀ ದಿನ ಕಿಟಕಿಯಿಂದ ನೋಡುತ್ತಿದ್ದಳು. ಕಾರುಗಳು ಗರಾಜಿನಿಂದ ಹೊರಡುತ್ತಿದ್ದವು, ಸಂಜೆ ಗರಾಜಿನೊಳಗೇ ಹೋಗುತ್ತಿದ್ದವು. ಮನುಷ್ಯರು ಇಳಿಯುವುದು ಕಾಣುತ್ತಿರಲಿಲ್ಲ. ಕಂಡವರು ಕೈ ಬೀಸುತ್ತಿದ್ದರು, ಅಷ್ಟೇ. ಯಾರೂ ನಿಂತು ನಾಲ್ಕು ಮಾತಾಡಿರಲಿಲ್ಲ.

ಹಾಗಿರುವಾಗ ಮೊದಲ ವರ್ಷದ ಅಕ್ಟೋಬರಿನ ಕೊನೆಯ ಸಂಜೆ ಬಾಗಿಲ ಬೆಲ್ಲು ಹೊಡೆದುಕೊಂಡಿತು. ಅಮ್ಮ ತೆಗೆದು ನೋಡಿದರೆ ಒಬ್ಬ ಗಗನಯಾತ್ರಿ, ಒಂದು ಕರಿಬೆಕ್ಕು, ತಲೆಯ ಆಚೀಚೆ ಬಾಣ ಸಿಕ್ಕಿಸಿಕೊಂಡ ಒಬ್ಬ. ಮೂವರೂ ದಿಂಬಿನ ಕವರು ಅಗಲಿಸಿ ಹಿಡಿದಿದ್ದರು.

"ರೀ, ಯಾರೋ ಮಕ್ಕಳು ಬಂದಿದಾರೆ. ಚೀಲ ಹಿಡ್ಕೊಂಡು ನಿಂತಿದಾರೆ."

ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಅದೇ ಕಣೇ, ಆಫೀಸಲ್ಲಿ ಹೇಳ್ತಿದ್ರು. ದೆವ್ವದ ಹಬ್ಬ ಅಂತೆ. ತಿನ್ನೋಕೆ ಏನಾದ್ರೂ ಹಾಕ್ಬೇಕಂತೆ."

ಇಷ್ಟು ಸಾಕಾಯಿತು ಅಮ್ಮನಿಗೆ. ಮೈಸೂರಿನಲ್ಲಿ ದಸರೆಗೆ ಗೊಂಬೆ ಕೂರಿಸಿದ ಮನೆಗಳಿಗೆ ನಾವು ಮಕ್ಕಳು ಗುಂಪುಗಟ್ಟಿ ಹೋಗಿ, "ಗೊಂಬೆ ಕೂರ್ಸಿದೀರಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದೆವು. ಗೊಂಬೆ ನೋಡಿದ ಶಾಸ್ತ್ರ ಮಾಡಿದರೆ ಕೈಗೆ ತಿಂಡಿ ಬೀಳುತ್ತಿತ್ತು. ಅದಕ್ಕೆ ಚರುಪು ಎಂದು ಹೆಸರು. ಯಾವ ಮನೆಯ ಚರುಪು ಹೇಗಿತ್ತು ಎನ್ನುವುದರ ಮೇಲೆ ಆ ಮನೆಯ ಹೆಂಗಸಿನ ಮರ್ಯಾದೆ ವರ್ಷವಿಡೀ ನಿಲ್ಲುತ್ತಿತ್ತು. ಅಮೆರಿಕದಲ್ಲಿ ಅಮ್ಮನಿಗೆ ಪೂರ್ತಿ ಅರ್ಥವಾದ ಮೊದಲ ಸಂಗತಿ ಇದು. ಮನೆಯಲ್ಲಿದ್ದ ಬಾಳೆಹಣ್ಣು ಮುಗಿಯಿತು. ಆಮೇಲೆ ಹುರಿಗಡಲೆಗೆ ಸಕ್ಕರೆ ಬೆರೆಸಿ ಸೌಟಿನಲ್ಲಿ ತಂದು ನೇರವಾಗಿ ದಿಂಬಿನ ಕವರುಗಳಿಗೆ ಸುರಿದಳು. ಗಗನಯಾತ್ರಿ ಚೀಲದೊಳಗೆ ಇಣುಕಿದ, ಥ್ಯಾಂಕ್ಯೂ ಎಂದ, ಇನ್ನೊಂದು ಸಲ ಇಣುಕಿದ. ಬೆಳಗ್ಗೆ ನೋಡಿದರೆ ನಮ್ಮ ಬಾಗಿಲಿಂದ ಬೀದಿಯ ತುದಿಯವರೆಗೂ ಹುರಿಗಡಲೆ ಚೆಲ್ಲಿತ್ತು. ಅಳಿಲುಗಳಿಗೆ ಸುಗ್ಗಿ.

"ಮಾನ ಹೋಯ್ತು," ಎಂದಳು ಅಮ್ಮ. "ಮುಂದಿನ ವರ್ಷ ಸರಿಯಾಗಿ ಮಾಡ್ತೀನಿ. ಆಗಲಾದ್ರೂ ಈ ಜನ ಮಾತಾಡ್ತಾರೋ ನೋಡೋಣ."

ಮುಂದಿನ ವರ್ಷ ಸರಿಯಾಗಿಯೇ ಮಾಡಿದಳು. ಕೊಬ್ಬರಿ ಮಿಠಾಯಿ. ಎರಡು ದಿನ ಮೊದಲೇ ಮನೆಯೆಲ್ಲ ಏಲಕ್ಕಿಯ ಘಮ. ವಜ್ರದ ಆಕಾರಕ್ಕೆ ಕತ್ತರಿಸಿ, ಒಂದೊಂದನ್ನೂ ಅಲ್ಯೂಮಿನಿಯಂ ಫಾಯಿಲಿನಲ್ಲಿ ಮಡಿಸಿ, ದೊಡ್ಡ ತಟ್ಟೆಯಲ್ಲಿ ಜೋಡಿಸಿದಳು. ನೋಡಿದರೆ ಬೆಳ್ಳಿ ಅಂಗಡಿಯಂತಿತ್ತು.

ಅವಳು ಮಡಿಸುತ್ತಿದ್ದಾಗ ನನ್ನ ಶಾಲೆಯ ಚೀಲದಲ್ಲಿ ಒಂದು ಗುಲಾಬಿ ಬಣ್ಣದ ಕಾಗದವಿತ್ತು. ಶಾಲೆಯಿಂದ ಬಂದ ಕಾಗದಗಳನ್ನು ಓದಿ ಅಮ್ಮನಿಗೆ ಹೇಳುವುದು ನನ್ನ ಕೆಲಸ. ಅಮ್ಮನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಆದರೆ ಅಮೆರಿಕದವರ ಇಂಗ್ಲಿಷಿನ ಮೇಲೆ ಅವಳಿಗೆ ಭರವಸೆಯಿರಲಿಲ್ಲ. ಆ ಕಾಗದದಲ್ಲಿ ಬರೆದಿದ್ದದ್ದು ಇಷ್ಟು: ಯಾರು ಏನು ಬೆರೆಸಿರುತ್ತಾರೋ ಗೊತ್ತಿಲ್ಲ. ಅಂಗಡಿಯಿಂದ ಬಂದ, ಅಂಟು ಬಿಚ್ಚದ ಪೊಟ್ಟಣದ ಸಿಹಿಯನ್ನು ಮಾತ್ರ ಮಕ್ಕಳಿಗೆ ತಿನ್ನಲು ಬಿಡಿ. ಮನೆಯಲ್ಲಿ ಮಾಡಿದ ತಿಂಡಿ ಸಿಕ್ಕರೆ ಎಸೆಯಿರಿ.

ಓದಿ ಹೇಳಿದರೆ ಅಮ್ಮನ ಕೈ ಅಲ್ಲೇ ನಿಲ್ಲುತ್ತದೆ. ಹೇಳದಿದ್ದರೆ ಅವಳ ಮಿಠಾಯಿಯೆಲ್ಲ ಕಸದ ಡಬ್ಬಿಗೆ ಹೋಗುತ್ತದೆ, ಪೊಲೀಸರೂ ಬರಬಹುದು. ಒಂಬತ್ತನೇ ವಯಸ್ಸಿಗೇ ನಾನು ಎರಡೂ ಕಡೆಗೆ ಹೆದರುವ ವಿದ್ಯೆ ಕಲಿತಿದ್ದೆ. ಹಾಗೆ ಹೆದರಿದವರು ಮಾಡುವುದನ್ನೇ ಮಾಡಿದೆ: ಕಾಗದವನ್ನು ಎಂಟಾಗಿ ಮಡಿಸಿ ಕಾಲುಚೀಲದೊಳಗೆ ಇಟ್ಟುಕೊಂಡೆ.

ಸಂಜೆ ನನಗೆ ದೆವ್ವದ ವೇಷ. ಬೇರೆ ಮಕ್ಕಳ ದೆವ್ವ ಎಂದರೆ ಹಾಸಿಗೆಯ ಬಿಳಿ ಬಟ್ಟೆಗೆ ಕಣ್ಣಿನ ಜಾಗದಲ್ಲಿ ಎರಡು ತೂತು. ನಮ್ಮಲ್ಲಿದ್ದ ಬಿಳಿ ಬಟ್ಟೆಯೆಂದರೆ ಅಪ್ಪ ಪೂಜೆಗೆ ಉಡುವ ಜರಿ ಅಂಚಿನ ಪಂಚೆ.

"ಅದಕ್ಕೆ ಕತ್ತರಿ ಹಾಕಿದ್ರೆ ಕೈ ಮುರೀತೀನಿ," ಎಂದಳು ಅಮ್ಮ. "ತಲೆ ಮೇಲೆ ಹೊದ್ಕೋ. ಮುಖ ಕಾಣೋ ದೆವ್ವ ಆಗು."

ಮುಖಕ್ಕೆ ಪೌಡರು ಬಳಿದಳು. ಹೊರಡುವಾಗ, ಸಂಜೆ ಹೊತ್ತು ಹಣೆ ಬರಿದಾಗಿರಬಾರದೆಂದು ಕುಂಕುಮ ಇಟ್ಟಳು.

"ಅಮ್ಮಾ, ಘೋಸ್ಟ್ಸ್ ಡೋಂಟ್ ಹ್ಯಾವ್ ಕುಂಕುಮ."

"ನಮ್ಮನೆ ದೆವ್ವಕ್ಕೆ ಇರತ್ತೆ. ಸುಮ್ನೆ ಹೋಗು."

ಪಕ್ಕದ ಮನೆಯ ಹುಡುಗಿ ನನ್ನದೇ ಕ್ಲಾಸಿನವಳು. ಅವಳು ಮಾಟಗಾತಿಯಾಗಿದ್ದಳು. ಅವಳ ಅಪ್ಪ ಟಾರ್ಚು ಹಿಡಿದು ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದರು. ಮೊದಲು ನಮ್ಮ ಮನೆಯ ಬಾಗಿಲು. ಅಮ್ಮ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಒಂದೇ ಒಂದು ಕೊಡಬಾರದೆಂದು ಮಾಟಗಾತಿಯ ಚೀಲಕ್ಕೆ ಎರಡು ಮಿಠಾಯಿ ಹಾಕಿ, ಕೆನ್ನೆ ಸವರಿ ಕಳಿಸಿದಳು. ಆಮೇಲೆ ಎರಡು ಬೀದಿ ಸುತ್ತಿದೆವು. ಬಾಗಿಲು ತೆಗೆದವರೆಲ್ಲ ನನ್ನನ್ನು ನೋಡಿ ನೀನು ಯಾರು, ಮದುಮಗಳೋ ಸನ್ಯಾಸಿನಿಯೋ ಎಂದು ಕೇಳುತ್ತಿದ್ದರು. ನಾನು ದೆವ್ವ ಎಂದು ತಿದ್ದುತ್ತಿದ್ದೆ. ಪಾಪ ಎಂದುಕೊಂಡೋ ಏನೋ, ನನಗೆ ಒಂದೊಂದು ಚಾಕೊಲೇಟು ಹೆಚ್ಚಿಗೆ ಬೀಳುತ್ತಿತ್ತು. ಒಂದು ಮನೆಯಲ್ಲಂತೂ ಪುಟ್ಟದಲ್ಲ, ಅಂಗಡಿಯಲ್ಲಿ ಸಿಗುವಷ್ಟೇ ದೊಡ್ಡ ಪಟ್ಟಿ. ಅದನ್ನು ಕೊಟ್ಟ ಮುದುಕರ ಮುಖ ನನಗೆ ಈಗಲೂ ನೆನಪಿದೆ.

ಸುತ್ತಾಟ ಮುಗಿದ ಮೇಲೆ ಮಾಟಗಾತಿಯ ಮನೆಯ ಅಡುಗೆಮನೆಗೆ ಹೋದೆವು. ಅವಳ ಅಪ್ಪ ಕನ್ನಡಕ ಹಾಕಿಕೊಂಡು ಅವಳ ಚೀಲವನ್ನು ಮೇಜಿನ ಮೇಲೆ ಸುರಿದು, ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡತೊಡಗಿದರು. ಹೊದಿಕೆ ಹರಿದಿದ್ದ ಟಾಫಿ ಪಕ್ಕದ ಕಸದ ಚೀಲಕ್ಕೆ ಹೋಯಿತು. ಯಾರೋ ಕೊಟ್ಟ ಸೇಬು ಹೋಯಿತು. ಆಮೇಲೆ ಎರಡು ಬೆಳ್ಳಿಯ ವಜ್ರಗಳನ್ನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದರು. ನಿನ್ನ ಅಮ್ಮ ಒಳ್ಳೆಯವರೆಂದು ನನಗೆ ಗೊತ್ತು, ಆದರೆ ನಿಯಮ ನಿಯಮವೇ, ಬೇಜಾರು ಮಾಡಿಕೊಳ್ಳಬೇಡ ಎಂದು ಮೃದುವಾಗಿ ಹೇಳಿದರು. ಅವೂ ಕಸದ ಚೀಲಕ್ಕೆ ಹೋದವು.

ಮರುದಿನ ಕಸದ ಗಾಡಿ ಬರುವ ದಿನ. ಎಲ್ಲ ಮನೆಯವರೂ ಡಬ್ಬಿಗಳನ್ನು ರಸ್ತೆಯ ಅಂಚಿಗೆ ಇಟ್ಟಿರುತ್ತಾರೆ. ಗುಡ್ಡದಿಂದ ರಕೂನು ಎಂಬ ಕಾಡುಬೆಕ್ಕಿನಂಥ ಪ್ರಾಣಿಗಳು ಇಳಿದು ಬಂದು ಆ ಡಬ್ಬಿಗಳನ್ನು ಉರುಳಿಸುವುದು ವಾರವಾರದ ಕತೆ. ಬೆಳಗ್ಗೆ ಅಮ್ಮ ನನ್ನನ್ನು ಶಾಲೆಗೆ ನಡೆಸಿಕೊಂಡು ಹೋಗುವುದು ಅದೇ ರಸ್ತೆಯಲ್ಲಿ. ಬೀದಿಯುದ್ದಕ್ಕೂ ಅವಳ ಮಿಠಾಯಿ ಚೆಲ್ಲಿರುವುದು ನನಗೆ ಕಣ್ಣಿಗೆ ಕಟ್ಟಿತು. ಅವಳು ಏನೂ ಹೇಳುವುದಿಲ್ಲ, ಮತ್ತೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾಳೆ ಎಂಬುದೂ ಗೊತ್ತಿತ್ತು.

"ಅದು ನನಗೆ ಬೇಕು," ಎಂದೆ ಇಂಗ್ಲಿಷಿನಲ್ಲಿ. "ಬದಲಿಗೆ ಒಂದು ಚಾಕೊಲೇಟು ಕೊಡ್ತೀನಿ."

ಮಾಟಗಾತಿ ತನ್ನ ಅಪ್ಪನ ಮುಖ ನೋಡಿದಳು. ನಿನ್ನ ಮನೆಯದೇ ಅಲ್ಲವೇ, ತೆಗೆದುಕೋ ಎಂದು ಅವರು ಸುಮ್ಮನೆ ಕೊಡಲು ಹೊರಟಿದ್ದರು. ಅಷ್ಟರಲ್ಲಿ ಅವಳು ನನ್ನ ಚಾಕೊಲೇಟು ಎತ್ತಿಕೊಂಡಾಗಿತ್ತು.

ಹೊರಗೆ, ಬೀದಿಯ ದುಂಡನೆಯ ತುದಿಯಲ್ಲಿ, ದೀಪದ ಕೆಳಗೆ ಮಕ್ಕಳು ರಸ್ತೆಯಂಚಿನಲ್ಲಿ ಕೂತು ಅದಲುಬದಲು ಮಾಡಿಕೊಳ್ಳುತ್ತಿದ್ದರು. ನಾನು ಪಂಚೆ ಎತ್ತಿ ಕಟ್ಟಿ ಅಲ್ಲಿಗೆ ನಡೆದೆ. ಬೆಳ್ಳಿ ಕಾಗದದ್ದು ಯಾರ ಹತ್ತಿರ ಇದ್ದರೂ ಕೊಡಿ, ಎರಡಕ್ಕೆ ಒಂದು ಚಾಕೊಲೇಟು ಎಂದೆ. ಮೊದಲ ಐದು ನಿಮಿಷ ಎಲ್ಲರೂ ನಗುನಗುತ್ತಾ ತಂದುಕೊಟ್ಟರು. ನನಗೂ ಸಮಾಧಾನವಾಯಿತು. ಆದರೆ ಮಾಟಗಾತಿ ಪಕ್ಕದಲ್ಲಿ ನಿಂತು, ಇವಳಿಗೆ ಅದು ತುಂಬಾ ಬೇಕಂತೆ, ಎರಡು ಚಾಕೊಲೇಟು ಕೇಳಿ ಎಂದು ಎಲ್ಲರಿಗೂ ಬುದ್ಧಿ ಹೇಳಿಕೊಡತೊಡಗಿದಳು. ಹಾಗೆ ಬುದ್ಧಿ ಹೇಳಿದ್ದಕ್ಕೆ ಅವರಿಂದ ಒಂದೊಂದು ಕ್ಯಾರಮೆಲ್ ಬೇರೆ ತೆಗೆದುಕೊಂಡಳು. ಎರಡು ಚಾಕೊಲೇಟು ಆಯಿತು, ಅದರ ಮೇಲೆ ಒಂದು ಬಬಲ್‌ಗಮ್ಮು ಆಯಿತು. ಮುದುಕರು ಕೊಟ್ಟ ದೊಡ್ಡ ಪಟ್ಟಿಯನ್ನು ನಾನು ಕೊನೆಯವರೆಗೂ ಹೊರಗೆ ತೆಗೆದಿರಲಿಲ್ಲ. ಅದೂ ಹೋಯಿತು.

ನನ್ನಂಥ ಚಿಂತೆಗಾರರಿಗೆ ಒಂದು ದೋಷವಿದೆ. ಆಗಬಹುದಾದ ನೂರು ಅನಾಹುತಗಳನ್ನು ಮೊದಲೇ ಎಣಿಸಿಟ್ಟಿರುತ್ತೇವೆ, ಆಗುವುದು ನೂರೊಂದನೆಯದು. ಮಿಠಾಯಿ ಮುಗಿಯಿತು ಎಂದು ನಾನು ಏಳುವಷ್ಟರಲ್ಲಿ ನಾಲ್ಕೈದು ಮಕ್ಕಳು ಓಡಿ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಬೆಳ್ಳಿಯ ವಜ್ರ. ಜರಿ ದೆವ್ವ ಒಳ್ಳೆಯ ಬೆಲೆ ಕೊಡುತ್ತದೆಂದು ತಿಳಿದು, ನಮ್ಮ ಮನೆಗೇ ಮತ್ತೆ ಹೋಗಿ ಬೆಲ್ಲು ಮಾಡಿ ಕೇಳಿ ತಂದಿದ್ದರು. ತೆಗೆದುಕೊಳ್ಳದೆ ಬಿಟ್ಟರೆ ಅವು ಕಸಕ್ಕೆ ಹೋಗುತ್ತವೆ. ತೆಗೆದುಕೊಂಡರೆ ಇನ್ನಷ್ಟು ತರುತ್ತಾರೆ. ತೆಗೆದುಕೊಂಡೆ. ಇನ್ನಷ್ಟು ತಂದರು.

ನಾನು ಮನೆಗೆ ಬಂದಾಗ ಅಮ್ಮ ಖಾಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಈ ದೇಶಕ್ಕೆ ಬಂದ ಮೇಲೆ ನೋಡಿರಲಿಲ್ಲ.

"ಪುಟ್ಟಿ, ಒಂದೂ ಉಳೀಲಿಲ್ಲ ಕಣೇ. ಆ ಬೆಕ್ಕಿನ ವೇಷದ ಹುಡುಗಿ ಮೂರು ಸಲ ಬಂದ್ಲು. ಮೂರು ಸಲ. ನಾಚಿಕೆ ಇಲ್ಲದೆ ಕೇಳಿ ಇಸ್ಕೊಂಡ್ಲು, ನಂಗೆಷ್ಟು ಇಷ್ಟ ಆಯ್ತು ಗೊತ್ತಾ."

"ಕೆಲಸ ಬಿಟ್ಟು ಅಂಗಡಿ ಇಡೋಣ ಬಿಡು," ಎಂದರು ಅಪ್ಪ.

"ನಗ್ಬೇಡಿ ನೀವು. ದೀಪಾವಳಿಗೆ ಇನ್ನೂ ಜಾಸ್ತಿ ಮಾಡ್ತೀನಿ. ಪುಟ್ಟಿ ಕೈಲಿ ಪ್ರತಿ ಮನೆಗೂ ಕಳಿಸ್ತೀನಿ."

ನಾನು ಮುಂದಿನ ಅನಾಹುತ ಎಣಿಸತೊಡಗಿದೆ. ಪ್ರತಿ ಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಾನು. ಒಳಗೆ ಹೋಗಿ ಅದನ್ನು ಕಸಕ್ಕೆ ಸುರಿಯುವ ಅವರು. ಅದನ್ನೆಲ್ಲ ಬಿಡಿಸಿಕೊಳ್ಳಲು ನನ್ನ ಬಳಿ ಇನ್ನು ಒಂದು ಚಾಕೊಲೇಟೂ ಇಲ್ಲ.

"ಎಲ್ಲಿ, ನಿಂಗೇನೇನು ಸಿಕ್ತು ತೋರ್ಸು," ಎಂದಳು ಅಮ್ಮ.

ನಾನು ಕವರನ್ನು ಬೆನ್ನ ಹಿಂದೆ ಮಾಡಿಕೊಂಡೆ. ಅಪ್ಪ ಹಿಂದಿನಿಂದ ಅದನ್ನು ಎತ್ತಿ, "ಏನೇ ಇದು, ಕಲ್ಲು ತುಂಬಿದ್ದೀಯಾ?" ಎನ್ನುತ್ತಾ ಪೇಪರಿನ ಮೇಲೆ ಸುರಿದೇಬಿಟ್ಟರು. ಬೆಳ್ಳಿಯ ವಜ್ರಗಳ ರಾಶಿ. ಅಮ್ಮ ಒಂದನ್ನು ಎತ್ತಿ ಅತ್ತಿತ್ತ ತಿರುಗಿಸಿ, ತಾನೇ ಮಡಿಸಿದ ಮಡಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ನಂದಲ್ವೇನೇ?"

ನಾನು ಕಾಲುಚೀಲದಿಂದ ಗುಲಾಬಿ ಕಾಗದ ತೆಗೆದು ಕೊಟ್ಟೆ. ನಡೆದದ್ದನ್ನೆಲ್ಲ ಅಳುತ್ತಾ ಒಂದೇ ಉಸಿರಿನಲ್ಲಿ ಹೇಳಿದೆ. ಮುಖದ ಪೌಡರು ಕಣ್ಣೀರಿಗೆ ಕಲಸಿ ಪಂಚೆಗೆಲ್ಲ ಆಗಿತ್ತು. ಅಮ್ಮ ಅಮೆರಿಕದವರ ಇಂಗ್ಲಿಷನ್ನು ಮೊದಲ ಸಲ ತಾನೇ ಪೂರ್ತಿ ಓದಿದಳು. ಆಮೇಲೆ ಇನ್ನೊಂದು ಸಲ ಓದಿದಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ.

"ರೀ," ಎಂದಳು ಕೊನೆಗೆ, "ಇವರಿಗೂ ಮದ್ದಿನ ಭಯಾನಾ?"

ಅಪ್ಪ ಕಾಗದ ಇಸಿದುಕೊಂಡು ಓದಿ ತಲೆಯಾಡಿಸಿದರು.

"ನಮ್ಮಜ್ಜಿ ಇದನ್ನೇ ಹೇಳ್ತಿದ್ರು," ಎಂದಳು ಅಮ್ಮ. ಅವಳ ದನಿಯಲ್ಲಿ ಬೇಸರವಿದೆಯೇ ಎಂದು ಹುಡುಕಿದೆ, ಇದ್ದದ್ದು ಬೆರಗು. "ದಸರೆ ಬಂದ್ರೆ ಸಾಕು, ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಯಾವ ಮನೆ ಚರುಪು ಯಾವುದು ಅಂತ ಒಂದೊಂದಾಗಿ ಕೇಳೋರು. ಆ ಮೂಲೆಮನೆಯವಳು ಕೈಮದ್ದು ಹಾಕ್ತಾಳೆ, ಅವಳು ಕೊಟ್ಟಿದ್ದು ಮುಟ್ಟಬೇಡಿ ಅಂತ ಕಿತ್ಕೊಂಡು ತಿಪ್ಪೆಗೆ ಹಾಕೋರು. ಪಾಪ, ಅವಳು ಎಷ್ಟು ಒಳ್ಳೆ ಚಕ್ಕುಲಿ ಮಾಡ್ತಿದ್ಲು. ನಮ್ಮಜ್ಜಿ ಬಾಯಲ್ಲಿ ಹೇಳಿದ್ದನ್ನ ಇವರು ಅಚ್ಚು ಹಾಕ್ಸಿ ಹಂಚಿದಾರೆ, ಅಷ್ಟೇ."

"ಅಂದ್ರೆ ಈ ಬೀದಿಗೆ ಮೂಲೆಮನೆಯವಳು ನೀನೇ," ಎಂದರು ಅಪ್ಪ.

ಅಮ್ಮ ಒಂದು ಕ್ಷಣ ಅವರನ್ನೇ ನೋಡಿದಳು. ಆಮೇಲೆ ನಗು ಬಂತು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದರಲ್ಲಿ ನಗುವಿನ ನೀರು ಎಷ್ಟು, ಬೇರೆಯದು ಎಷ್ಟು ಎಂದು ನಾನು ಇಷ್ಟು ವರ್ಷವಾದರೂ ಯೋಚಿಸುತ್ತಿರುತ್ತೇನೆ. ಆಗ ಮಾತ್ರ ಅವಳು ಥಟ್ಟನೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಅಲ್ವೇ, ನೀನು ಊರೆಲ್ಲ ಸುತ್ತಿ ಯಾರ್ಯಾರ ಮನೇದೋ ತಿಂದ್ಯಾ?"

"ಇಲ್ಲಮ್ಮ. ಎಲ್ಲಾ ಕೊಟ್ಟುಬಿಟ್ಟೆ."

"ಎಲ್ಲಾನೂ? ಒಂದಾದ್ರೂ ಇಟ್ಕೋಬಾರ್ದಿತ್ತೇನೇ, ಪೆದ್ದಿ," ಎಂದು ಹತ್ತಿರ ಎಳೆದುಕೊಂಡಳು. ಒಂದು ಮಿಠಾಯಿ ಬಿಡಿಸಿ ನನ್ನ ಬಾಯಿಗಿಟ್ಟಳು, ತಾನೂ ಒಂದು ತಿಂದಳು. "ಪಾಕ ಒಂಚೂರು ಮುಂದೆ ಹೋಗಿದೆ," ಎಂದಳು ಜಗಿಯುತ್ತಾ.

ಮರುದಿನ ಸಂಜೆ ಅವಳು ಗುಲಾಬಿ ಕಾಗದ ಹಿಡಿದು, ನನ್ನನ್ನೂ ಕರೆದುಕೊಂಡು ಪಕ್ಕದ ಮನೆಯ ಬೆಲ್ಲು ಮಾಡಿದಳು. ಬಾಗಿಲು ತೆಗೆದ ಮಾಟಗಾತಿಯ ಅಪ್ಪನ ಮುಖ ಕೆಂಪಾಯಿತು. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡಿರಬೇಕು. ಅಮ್ಮ ಕಾಗದವನ್ನು ಎತ್ತಿ ತೋರಿಸಿ, "ಯೂ ಆರ್ ವೆರಿ ಕರೆಕ್ಟ್," ಎಂದಳು. ಅವರು ಕ್ಷಮೆ ಕೇಳತೊಡಗಿದರು. ಅಮ್ಮ ಅದಕ್ಕೆ ಅವಕಾಶವನ್ನೇ ಕೊಡದೆ, ಗೊತ್ತಿಲ್ಲದ ಮನೆಯದನ್ನು ತಿನ್ನಬಾರದು ನಿಜ, ಅದಕ್ಕೇ ನಮ್ಮ ಅಡುಗೆಮನೆಗೆ ಬಂದು ನೋಡಿ, ಕಾಫಿ ಕುಡಿಯಿರಿ ಎಂದು ಕರೆದಳು. ಅವರು ಬಂದರು. ಒಲೆ, ಡಬ್ಬಿ, ಏಲಕ್ಕಿ ಎಲ್ಲವನ್ನೂ ನೋಡಿದರು. ಮೂರು ಮಿಠಾಯಿ ತಿಂದರು. ನಾಲ್ಕನೆಯದಕ್ಕೆ ಕೈ ಚಾಚಿದಾಗ ಅಮ್ಮ ತಟ್ಟೆಯನ್ನೇ ಅವರ ಮುಂದೆ ಸರಿಸಿದಳು.

ಅದರ ಮುಂದಿನ ವರ್ಷದಿಂದ ಅಮ್ಮ ಬಾಗಿಲಲ್ಲಿ ಹಂಚಿದ್ದು ಅಂಗಡಿಯ ಚಾಕೊಲೇಟು. ತಪಾಸಣೆ ಮಾತ್ರ ನಮ್ಮ ಮನೆಯ ಊಟದ ಮೇಜಿನ ಮೇಲೆ. ನನ್ನ ಚೀಲವನ್ನೂ ಮಾಟಗಾತಿಯ ಚೀಲವನ್ನೂ ಒಟ್ಟಿಗೆ ಸುರಿದು, ಅವಳ ಅಪ್ಪ ಕನ್ನಡಕ ಹಾಕಿಕೊಂಡು ಹೊದಿಕೆಯ ಅಂಟು ನೋಡುತ್ತಿದ್ದರು, ಅಮ್ಮ ಮೂಸಿ ನೋಡುತ್ತಿದ್ದಳು. ಒಬ್ಬರು ಪಾಸು ಮಾಡಿದ್ದನ್ನು ಇನ್ನೊಬ್ಬರು ಫೇಲು ಮಾಡುತ್ತಿದ್ದರು. ಒಂದು ಕ್ಯಾರಮೆಲ್ಲಿನ ಬಗ್ಗೆ ಕಾಲು ಗಂಟೆ ಚರ್ಚೆಯಾದದ್ದುಂಟು, ಅವರ ಇಂಗ್ಲಿಷಿನಲ್ಲಿ ಅರ್ಧ, ಅಮ್ಮನ ಇಂಗ್ಲಿಷಿನಲ್ಲಿ ಅರ್ಧ. ನಾವಿಬ್ಬರು ಹುಡುಗಿಯರು ಮೇಜಿನಂಚಿಗೆ ಗಲ್ಲ ಊರಿ ಕಾಯುತ್ತಿದ್ದೆವು. ತಡೆಯಲಾಗದೆ ನಾನೊಮ್ಮೆ ಒಂದು ಬಳಪದ ಬಿಲ್ಲೆಗೆ ಕೈ ಹಾಕಿದೆ. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು, ಎರಡೂ ದೇಶದ ಏಟು ಒಟ್ಟಿಗೆ ಬಿತ್ತು.